ಮಗಳಿಗೆ ಲೇಜಿಮ್ ಬೇಕು, ನನಗೆ ಡೊಳ್ಳು ಬೇಕು

ವಾಕಡ್, ಹೊಸ ಸದಸ್ಯೆ:
ಪುಣೆ ಕನ್ನಡಿಗರ ಗುಂಪಿನ ಎಲ್ಲರಿಗೂ ನಮಸ್ಕಾರ. ನಾವು ದಾವಣಗೆರೆಯವರು. ಪುಣೆಗೆ ಬಂದು ಬಹಳ ದಿನ ಆಗಿಲ್ಲ. ನಮ್ಮ ಸೊಸೈಟಿಯಲ್ಲಿ ಜನವರಿ 26ಕ್ಕೆ ರಾಜ್ಯಕ್ಕೊಂದು ತಂಡ ಅಂತ ಕಾರ್ಯಕ್ರಮ ಇಟ್ಟಿದ್ದಾರೆ. ತಂಡಕ್ಕೆ ಎಂಟು ನಿಮಿಷ ಸ್ಟೇಜು, ಕೆಳಗೆ ಒಂದು ತಿಂಡಿ ಸ್ಟಾಲು. ಮಲಯಾಳಿಗಳು ತಿರುವಾದಿರ ಕುಣಿತದ ಪ್ರಾಕ್ಟೀಸ್ ಶುರು ಮಾಡಿಬಿಟ್ಟಿದ್ದಾರೆ. ಗುಜರಾತಿಗಳಿಗೆ ಪ್ರಾಕ್ಟೀಸೇ ಬೇಕಿಲ್ಲ. ಕನ್ನಡದವರು ನಾವು ನಾಲ್ಕೇ ಮನೆ. ಡೊಳ್ಳು ಕುಣಿತ ಮಾಡಿಸಬೇಕು ಅಂತ ನನ್ನಾಸೆ. ನಾಲ್ಕನೇ ಕ್ಲಾಸಿನ ಮಗಳು ನೋಡಿದರೆ ಮಹಾರಾಷ್ಟ್ರ ತಂಡದಲ್ಲಿ, ತಾಳದ ಬಿಲ್ಲೆ ಕಟ್ಟಿದ ಕೋಲು ಹಿಡಿದು ಕುಣಿಯುವ ಲೇಜಿಮ್‌ಗೆ ಹೆಸರು ಕೊಟ್ಟು ಬಂದಿದ್ದಾಳೆ. ಫ್ರೆಂಡ್ಸ್ ಎಲ್ಲ ಅಲ್ಲೇ ಇದ್ದಾರಂತೆ. ಒತ್ತಾಯ ಮಾಡಬೇಕಾ, ಬಿಟ್ಟುಬಿಡಬೇಕಾ? ಇನ್ನೊಂದು, ಪುಣೆಯಲ್ಲಿ ಡೊಳ್ಳು ಬಾಡಿಗೆಗೆ ಸಿಗುತ್ತದಾ? ಮಕ್ಕಳಿಗೆ ಕಲಿಸುವವರು ಯಾರಾದರೂ ಇದ್ದಾರಾ? ಶುಕ್ರವಾರದೊಳಗೆ ಹೇಳಬೇಕು.

ಪಿಂಪಳೆ ಸೌದಾಗರ್:
ಮಕ್ಕಳಿಗೆ ಡೊಳ್ಳು ಬೇಡ. ಅದನ್ನು ಕಟ್ಟಿಕೊಂಡು ಕುಣಿಯೋದಕ್ಕೆ ದೊಡ್ಡವರಿಗೇ ಉಸಿರು ಸಾಲುವುದಿಲ್ಲ. ಕೋಲಾಟ ಮಾಡಿ. ನಾಲ್ಕು ಮನೆಯಿಂದ ಎಂಟು ಜನ ಹೊರಟರೆ ಜೋಡಿ ಸರಿಹೋಗುತ್ತದೆ. ಕೋಲು ಕೊಳ್ಳಬೇಡಿ, ಗುಜರಾತಿಗಳ ದಾಂಡಿಯಾ ಕೋಲು ಕೇಳಿದರೆ ಕೊಡುತ್ತಾರೆ. ಹಾಡು ನಮ್ಮ ಜನಪದದ್ದು ಇರಲಿ. ಕಲಿಸುವವರು ಬೇಕಿದ್ದರೆ ಎರಂಡವಣೆ ಗಣೇಶನಗರದ ಕನ್ನಡ ಸಂಘದಲ್ಲಿ ಕೇಳಿ. ಕಲ್ಮಾಡಿ ಶಾಮರಾವ್ ಹೈಸ್ಕೂಲು ಇರುವ ಕಡೆ. ಯಕ್ಷಗಾನದ ವೇಷಭೂಷಣ ಬೇಕು ಅನಿಸಿದರೆ ಬಾಣೇರಿನ ಬಂಟರ ಭವನದಲ್ಲಿ ಯಾರನ್ನಾದರೂ ಹಿಡಿಯಿರಿ.

ಹಡಪ್ಸರ್:
ಮನೆಯಲ್ಲಿ ಕನ್ನಡ ಮಾತಾಡಿ, ಅಷ್ಟೇ ಸಾಕು. ನಾನು ಯಾವಾಗಲೂ ಹೇಳೋದು ಇದನ್ನೇ. ಇಲ್ಲಿ ಯಾವ ಬೋರ್ಡಿನ ಶಾಲೆಯಾದರೂ ಮರಾಠಿ ಕಲಿಸಲೇಬೇಕು ಅಂತ 2020ರಲ್ಲೇ ಕಾಯ್ದೆ ಬಂದಿದೆ. ಅದು ಹೇಗೂ ಬರುತ್ತದೆ. ನಮ್ಮ ಮಗಳು ಕನ್ನಡ, ಮರಾಠಿ, ಇಂಗ್ಲಿಷ್ ಮೂರರಲ್ಲೂ ಭಾಷಣ ಮಾಡುತ್ತಾಳೆ. ಹೋದ ವರ್ಷ ಅವಳ ಭರತನಾಟ್ಯದ ರಂಗಪ್ರವೇಶಕ್ಕೆ ಊರಿಂದ ಬಸ್ಸು ಮಾಡಿಕೊಂಡು ಬಂದಿದ್ದರು. ವಿಡಿಯೋ ಈ ಗುಂಪಿನಲ್ಲೇ ಇದೆ. ನೋಡದವರು ಮೇಲೆ ಹುಡುಕಿ.

ವಾಕಡ್:
ಮನೆಯಲ್ಲಿ ಕನ್ನಡವೇ ಸರ್. ಪ್ರಶ್ನೆ ಡೊಳ್ಳಿನದು.

ಕೋಥ್ರೂಡ್, ಹಿರಿಯ ಸದಸ್ಯರು:
ತಂಗಿ, ಮೊದಲು ಹೋಗಿ ಆ ಸ್ಟಾಲ್ ಬೇಡ ಅಂತ ಹೇಳಿ ಬಾ. ನಾವೇನು ಪುಣೆಗೆ ನೆಂಟರಾಗಿ ಬಂದವರಾ, ಕೇರಳಕ್ಕೂ ಗುಜರಾತಿಗೂ ಮಧ್ಯೆ ಟೇಬಲ್ ಹಾಕಿಸಿಕೊಂಡು ಕೂರೋಕೆ? ಡಿಸೆಂಬರ್ ಬಂತು ಅಂದರೆ ಸವಾಯಿ ಗಂಧರ್ವ ಸಂಗೀತೋತ್ಸವ, ಇಡೀ ಪುಣೆ ಸವಾಯಿ ಸವಾಯಿ ಅನ್ನುತ್ತದೆ. ಆ ಸವಾಯಿ ಗಂಧರ್ವರು ಯಾರು? ನಮ್ಮ ಧಾರವಾಡ ಜಿಲ್ಲೆ ಕುಂದಗೋಳದ ರಾಮಭಾವು. ಅವರು 1952ರಲ್ಲಿ ಹೋದರು. ಗುರುವಿನ ನೆನಪಿಗೆ ಮರುವರ್ಷ ಉತ್ಸವ ಶುರು ಮಾಡಿದವರು ಗದಗಿನ ಭೀಮಸೇನ ಜೋಶಿ. ಗಂಗೂಬಾಯಿ ಹಾನಗಲ್ ಅದೇ ಗುರುವಿನ ಶಿಷ್ಯೆ. ಫಿರೋಜ್ ದಸ್ತೂರ್ ಅದೇ ಗುರುವಿನ ಶಿಷ್ಯ, ಅವರು ಪಾರ್ಸಿ. ಕುಂದಗೋಳದ ಗುರು, ಮುಂಬೈ ಪಾರ್ಸಿ ಶಿಷ್ಯ, ಹಾಡುವುದು ಹಿಂದೂಸ್ತಾನಿಯ ಕಿರಾಣಾ ಘರಾಣೆ, ಕೂತು ತಲೆದೂಗುವವರು ಪುಣೇಕರರು. ಅಲ್ಲಿ ಯಾರೂ ರಾಜ್ಯದ ಬೋರ್ಡು ಹಿಡಿದು ಕೂರಲಿಲ್ಲ. ಭೀಮಸೇನರು ಮರಾಠಿ ಸಂತರ ಅಭಂಗ ಹಾಡಿದರು, ದಾಸರ ಪದವನ್ನೂ ಹಾಡಿದರು. ಪುಣೆಯವರು ಎರಡನ್ನೂ ತಮ್ಮದು ಅಂದುಕೊಂಡರು.

ನಾಟಕಕ್ಕೆ ಬನ್ನಿ. ಉತ್ತರ ಕನ್ನಡದ ಯಕ್ಷಗಾನ ಮೇಳದವರು ಸಾಂಗ್ಲಿಗೆ ಹೋಗಿ ಅರಸರ ಮುಂದೆ ಆಟ ಆಡಿದರು. ಅದನ್ನು ನೋಡಿದ ಮೇಲೆ ವಿಷ್ಣುದಾಸ ಭಾವೆ 1843ರಲ್ಲಿ ಮರಾಠಿ ನಾಟಕ ಕಟ್ಟಿದ್ದು. ಮರಾಠಿ ಸಂಗೀತ ನಾಟಕವನ್ನು 1880ರಲ್ಲಿ ಇದೇ ಪುಣೆಯಲ್ಲಿ ನಿಲ್ಲಿಸಿದ ಅಣ್ಣಾಸಾಹೇಬ ಕಿರ್ಲೋಸ್ಕರ್ ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಇಷ್ಟೆಲ್ಲ ಇಟ್ಟುಕೊಂಡು ನಾವು ಮಕ್ಕಳಿಗೆ ಹಳದಿ ಕೆಂಪು ಶಾಲು ಹೊದಿಸಿ ಸಿನಿಮಾ ಹಾಡಿಗೆ ಕುಣಿಸುತ್ತೇವೆ. ಫೋಟೋ ತೆಗೆದು ಸ್ಟೇಟಸ್ ಹಾಕುತ್ತೇವೆ. ಆಯಿತು ರಾಜ್ಯೋತ್ಸವ! ಡೊಳ್ಳು ಬಿಡಿ, ಮಗಳನ್ನು ಸವಾಯಿ ನಡೆಯುವ ಮುಕುಂದನಗರಕ್ಕೆ ಕರೆದುಕೊಂಡು ಹೋಗಿ. ಕೆಳಗೆ ಕೂರುವ ಬೈಠಕ್ ಟಿಕೆಟ್ಟು ದುಬಾರಿ ಏನಲ್ಲ.

ಬಾಣೇರ್:
ಕಾಕಾ, ಒಂಬತ್ತು ವರ್ಷದ ಮಗುವಿಗೆ ಒಂದು ಸಂಜೆ ಪೂರ್ತಿ ಖ್ಯಾಲಾ? ನನ್ನ ಮಗ ಶುರುವಿನ ನಿಧಾನದ ವಿಲಂಬಿತ್ ಮುಗಿಯುವ ಮೊದಲೇ ವಡಾಪಾವ್ ತಿಂದು ಮಲಗಿಬಿಟ್ಟ. ನಿಮ್ಮ ಇತಿಹಾಸ ಎಲ್ಲ ಸರಿ. ಆದರೆ ನಮ್ಮ ಫ್ಲೋರಿನಲ್ಲಿರುವ ಪಾಟ್ನಾದವರಿಗೆ ಕರ್ನಾಟಕ ಅಂದರೆ ಬೆಂಗಳೂರಿನ ಟ್ರಾಫಿಕ್. ಛಟ್ ಮುಗಿದ ದಿನ ಅವರು ಮನೆಮನೆಗೆ ಹಬ್ಬದ ತಿಂಡಿ ಠೇಕುವಾ ಕೊಟ್ಟು ಹೋಗುತ್ತಾರೆ. ನಾವು ಏನು ಕೊಟ್ಟಿದ್ದೇವೆ? ಸ್ಟಾಲ್ ಹಾಕಲಿ ಬಿಡಿ. ದಾವಣಗೆರೆಯವರು ಬೆಣ್ಣೆದೋಸೆ ಹಾಕಿದರೆ ಸಾಲು ಗೇಟಿನವರೆಗೂ ನಿಲ್ಲುತ್ತದೆ.

ಕೋಥ್ರೂಡ್:
ಮಲಗಲಿ. ಮಲಗಿದರೂ ಕಿವಿ ತೆರೆದಿರುತ್ತದೆ. ಮೊದಲು ಸವಾಯಿ ರಾತ್ರಿಯಿಡೀ ನಡೆಯುತ್ತಿತ್ತು. ಮಕ್ಕಳು ಜಮಖಾನದ ಮೇಲೆ ನಿದ್ದೆ ಮಾಡಿ ಬೆಳಗಿನ ರಾಗಕ್ಕೆ ಎದ್ದು ಕೂರುತ್ತಿದ್ದರು. ಧ್ವನಿವರ್ಧಕದ ನಿಯಮ ಬಂದು ರಾತ್ರಿ ಹತ್ತಕ್ಕೆ ಮುಗಿಸುವ ಹಾಗಾಯಿತು. ನೀವೆಲ್ಲ ಬಂದಿದ್ದು ಆಮೇಲೆ. ದೋಸೆ ಹೋಟೆಲಲ್ಲೂ ಸಿಗುತ್ತದೆ.

ವಿಮಾನನಗರ:
ಸ್ವಲ್ಪ ಬೇರೆ ವಿಷಯ. ನನ್ನ ಮಗ ಇಪ್ಪತ್ತು ದಾಟಿದ್ದಾನೆ. ಡಿಸೆಂಬರಿನಲ್ಲಿ ಕ್ಯಾಂಪಿನ ಎಂ.ಜಿ. ರೋಡಿನ ಕ್ರಿಸ್‌ಮಸ್ ಜನಜಂಗುಳಿ, ಈದ್‌ಗೆ ಗೆಳೆಯನ ಮನೆಯ ಶೀರ್‌ಖುರ್ಮಾ, ಮಳೆಗಾಲದಲ್ಲಿ ನದಿ ಪಕ್ಕ ಢೋಲ್ ಬಾರಿಸುವ ಪಥಕದ ತಾಲೀಮು, ಅನಂತ ಚತುರ್ದಶಿಗೆ ಲಕ್ಷ್ಮೀ ರೋಡಿನ ಗಣಪತಿ ಮೆರವಣಿಗೆ. ಅವನಿಗೆ ಎಲ್ಲ ಹಬ್ಬವೂ ಬೇಕು. ಆಲಂದಿಯಿಂದ, ದೇಹುವಿನಿಂದ ಪಾಲಖಿ ಬಂದಾಗ ಪಂಢರಪುರಕ್ಕೆ ನಡೆದು ಹೋಗುವ ವಾರಕರಿಗಳಿಗೆ ನೀರು ಹಂಚುತ್ತಾನೆ. ಶಿರಸಿಯ ಮಾರಿ ಜಾತ್ರೆಗೆ ಬಾ ಅಂದರೆ ರಜೆ ಇಲ್ಲ. ಅಜ್ಜಿ ಫೋನ್ ಮಾಡಿದರೆ ಸ್ಪೀಕರಿಗೆ ಹಾಕಿ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಾನೆ. ಅಜ್ಜಿಗೆ ಅದು ಗೊತ್ತಾಗಿದೆ. ಈಗೀಗ ಅವಳು ನೇರ ನನಗೇ ಮಾಡುತ್ತಾಳೆ. ಪಾಪದ ಹುಡುಗ, ಅವನದೇನೂ ತಪ್ಪಿಲ್ಲ.

ಹಡಪ್ಸರ್:
ಅದಕ್ಕೇ ನಾನು ಹೇಳಿದ್ದು, ಮನೆಯಲ್ಲಿ ಕನ್ನಡ.

ನಿಗಡಿ:
ಹುಡುಗಿ ಲೇಜಿಮ್ ಆಡಲಿ ಬಿಡ್ರಿ. ನಾವು ವಿಜಯಪುರದವರು. ಆಗಸ್ಟ್ 15ಕ್ಕೆ ನಮ್ಮ ಕನ್ನಡ ಶಾಲೆ ಮೈದಾನದಾಗ ಲೇಜಿಮ್ ಆಡಿಯೇ ದೊಡ್ಡವರಾದವರು. ಅದನ್ನು ಮಹಾರಾಷ್ಟ್ರದ ಲೆಕ್ಕಕ್ಕೆ ಪೂರ್ತಿ ಯಾಕೆ ಬರೆದುಕೊಡ್ತೀರಿ? ನಮ್ಮನೆಯವರು ಮೈಸೂರಿನವರು, ದಸರಾಕ್ಕೆ ಗೊಂಬೆ ಕೂರಿಸುತ್ತಾರೆ. ಇಲ್ಲಿನ ಹುಡುಗರು ದೀಪಾವಳಿಗೆ ಅಂಗಳದಲ್ಲಿ ಮಣ್ಣಿನ ಕಿಲ್ಲಾ ಕಟ್ಟಿ ಶಿವಾಜಿ ಮಹಾರಾಜರನ್ನೂ ಅವರ ಸೈನಿಕರಾದ ಮಾವಳೆಯರ ಗೊಂಬೆಗಳನ್ನೂ ಇಡುತ್ತಾರಲ್ಲ, ನಮ್ಮ ಮಕ್ಕಳು ಆ ಮಾವಳೆಯರನ್ನು ತಂದು ಪಟ್ಟದ ಗೊಂಬೆಯ ಕೆಳಗಿನ ಮೆಟ್ಟಿಲಲ್ಲಿ ಕಾವಲಿಗೆ ನಿಲ್ಲಿಸಿದರು. ಅತ್ತೆಯವರು ಮುಖ ಗಂಟು ಹಾಕಿಕೊಂಡರು, ಆಮೇಲೆ ಅವರೇ ಸಾಲು ನೆಟ್ಟಗೆ ಮಾಡಿದರು. ಈಗ ಪ್ರತಿ ವರ್ಷ ಅಕ್ಕಪಕ್ಕದ ಮಕ್ಕಳು ಗೊಂಬೆ ನೋಡೋಕೆ ಬಂದು ತಮ್ಮ ಮಾವಳೆಯರನ್ನು ಎಣಿಸಿ ಹೋಗುತ್ತಾರೆ.

ಮತ್ತೆ, 26ರವರೆಗೆ ಯಾಕೆ ಕಾಯಬೇಕು? ಅದಕ್ಕೂ ಮೊದಲು ಸಂಕ್ರಾಂತಿ ಇದೆ. ಇಲ್ಲಿನವರು ತಿಳಗುಳ ಕೊಟ್ಟು ಸಿಹಿ ಮಾತಾಡಿ ಅನ್ನುತ್ತಾರೆ. ನಾವೂ ಎಳ್ಳುಬೆಲ್ಲ ಕೊಟ್ಟು ಒಳ್ಳೆ ಮಾತಾಡಿ ಅನ್ನುತ್ತೇವೆ. ಪುಟ್ಟ ಮಕ್ಕಳಿಗೆ ಬೋರೆಹಣ್ಣು ಎರೆಯೋದು ಇಬ್ಬರಲ್ಲೂ ಇದೆ. ಮಗಳ ಕೈಗೆ ಎಳ್ಳಿನ ತಟ್ಟೆ ಕೊಟ್ಟು ಆ ಲೇಜಿಮ್ ಗೆಳತಿಯರ ಮನೆಗೇ ಕಳಿಸಿ.

ಕೋಥ್ರೂಡ್:
ಈಗ ಒಂದು ಮಾತು ಬಂತು. ಇದಕ್ಕೆ ಸ್ಟಾಲ್ ಬೇಕಾಯಿತಾ?

ಬಾಣೇರ್:
ಕಾಕಾ, ಸ್ಟಾಲಿನ ಮೇಲೆ ನಿಮಗೆ ಅಷ್ಟ್ಯಾಕೆ ಸಿಟ್ಟು?

ವಾಕಡ್:
ಎಲ್ಲರಿಗೂ ಥ್ಯಾಂಕ್ಸ್. ಮಗಳು ಲೇಜಿಮ್‌ಗೇ ಹೋಗುತ್ತಾಳೆ. ಕೋಲಾಟಕ್ಕೆ ನಾವು ದೊಡ್ಡವರು ಆರು ಜನ ಹೆಸರು ಕೊಟ್ಟೆವು. ಇನ್ನೊಂದು ಜೋಡಿ ಕಡಿಮೆ ಇದೆ. ಕೋಲು ಕೇಳೋಕೆ ಹೋಗಿದ್ದಕ್ಕೆ ಎದುರು ಮನೆಯ ಗುಜರಾತಿ ಅತ್ತೆ ಸೊಸೆ ನಾವೇ ಬರುತ್ತೇವೆ ಅನ್ನುತ್ತಿದ್ದಾರೆ. ಸೇರಿಸಿಕೊಳ್ಳೋದಾ? ಕಮಿಟಿಯವರು ಒಪ್ಪಬೇಕಲ್ಲ. ಕರ್ನಾಟಕದ ತಂಡ ಅಂತ ಬೋರ್ಡು ಇರುತ್ತದೆ.

ಕೋಥ್ರೂಡ್:
ಸೇರಿಸಿಕೊಳ್ಳಿ. ನಾನು ಮೊದಲಿಂದ ಹೇಳಿದ್ದೂ ಇದನ್ನೇ.

ಹಡಪ್ಸರ್:
ಆ ಇಬ್ಬರಿಗೆ ನಾಲ್ಕು ಸಾಲು ಕನ್ನಡ ಹಾಡು ಕಲಿಸಿ. ನಮ್ಮ ಮಗಳು ಬೇಕಾದರೆ ಆನ್‌ಲೈನಲ್ಲಿ ಹೇಳಿಕೊಡುತ್ತಾಳೆ.

ಪಿಂಪಳೆ ಸೌದಾಗರ್:
ಗುಜರಾತಿಗಳಿಗೆ ತಾಳ ಹೇಳಿಕೊಡಬೇಕಿಲ್ಲ, ನಿಮ್ಮವರು ತಪ್ಪದಿದ್ದರೆ ಸಾಕು. ದೋಸೆ ಕಾವಲಿ ದೊಡ್ಡದು ನನ್ನ ಹತ್ತಿರ ಇದೆ, ಭಾನುವಾರ ಬಂದು ಒಯ್ಯಿರಿ. ಸೊಸೈಟಿಯಲ್ಲಿ ಗ್ಯಾಸ್ ಸಿಲಿಂಡರ್ ಹಚ್ಚೋಕೆ ಬಿಡುತ್ತಾರಾ ಅಂತ ಇವತ್ತೇ ಕೇಳಿ. ಬಿಡದಿದ್ದರೆ ಮಂಡಕ್ಕಿ ಒಗ್ಗರಣೆ.