ಪದಚರ್ಚೆ: ಟ್ರ್ಯಾಪ್ ಬೋನಾದರೆ ‘ಸೆಟ್’ ಏನು?

ಎಲ್ಲರಿಗೂ ನಮಸ್ಕಾರ.

ಒಂದು ಪದ ಸಿಗದೆ ಎರಡು ವಾರದಿಂದ ಒದ್ದಾಡುತ್ತಿದ್ದೇನೆ. ನಾನಿರುವುದು ಅಮೆರಿಕದ ಇಡಾಹೊ ರಾಜ್ಯದ ಬಾಯ್ಸಿಯಲ್ಲಿ. ಇಲ್ಲಿನ ಕನ್ನಡ ಬಳಗದ ಯುಗಾದಿ ಸಂಚಿಕೆಗೆ ಒಂದು ಬರಹ ಕೊಡುತ್ತೇನೆ ಅಂತ ಒಪ್ಪಿಕೊಂಡೆ. ವಿಷಯ ಬಾಬ್‌ಕ್ಯಾಟ್ ಅನ್ನುವ ಇಲ್ಲಿನ ಗಿಡ್ಡ ಬಾಲದ, ಬೆಕ್ಕಿನ ಜಾತಿಯ ಕಾಡುಪ್ರಾಣಿಯನ್ನು ಹಿಡಿಯುವುದು. ಹುಬ್ಬೇರಿಸಬೇಡಿ, ಹಿಡಿಯುವವನು ನಾನಲ್ಲ, ಪಕ್ಕದ ಮನೆಯ ಯಜಮಾನರು. ಇಲ್ಲಿ ಅದಕ್ಕೆ ಲೈಸೆನ್ಸ್ ಇದೆ, ಚಳಿಗಾಲದಲ್ಲಿ ಸೀಸನ್ ಇದೆ, ಸಿಕ್ಕ ಒಂದೊಂದು ತೊಗಲಿಗೂ ಇಲಾಖೆಯಿಂದ ಟ್ಯಾಗ್ ಹಾಕಿಸಬೇಕು. ಈ ವರ್ಷ ಅವರ ಮೊಮ್ಮಗ ಕೆಲಸ ಕಲಿಯುತ್ತಿದ್ದಾನೆ. ಒಂದು ಶನಿವಾರ ‘ನೀನೂ ಬಾ’ ಅಂತ ನನ್ನನ್ನೂ ಗಾಡಿ ಹತ್ತಿಸಿಕೊಂಡರು.

ತೊಡಕು ಏನಪ್ಪಾ ಅಂದರೆ, ಇವರಿಗೆ ‘ಟ್ರ್ಯಾಪ್’ ಬೇರೆ, ‘ಸೆಟ್’ ಬೇರೆ. ಟ್ರ್ಯಾಪ್ ಅಂಗಡಿಯಲ್ಲಿ ದುಡ್ಡು ಕೊಟ್ಟು ತರುವ, ಪ್ರಾಣಿಯ ಕಾಲು ಹಿಡಿಯುವ ಕಬ್ಬಿಣ. ಅದನ್ನು ಎಲ್ಲಿ ಹೂತರು, ಹಿಂದೆ ಯಾವ ಬಂಡೆ ಇದೆ, ಮುಂದೆ ಏನಿಟ್ಟರು, ಪ್ರಾಣಿ ಯಾವ ಕಡೆಯಿಂದ ಬರಬೇಕು, ಕಾಲನ್ನು ಎಲ್ಲಿ ಊರಬೇಕು, ಇಷ್ಟೂ ಸೇರಿದರೆ ಸೆಟ್. ನಾನು ಮೊದಲ ಕರಡಿನಲ್ಲಿ ಎರಡಕ್ಕೂ ‘ಬೋನು’ ಅಂತಲೇ ಬರೆದಿದ್ದೆ. ಓದಿ ನೋಡಿದರೆ ಹೀಗಿತ್ತು: ‘ಹುಡುಗನ ಬೋನು ಚೆನ್ನಾಗಿತ್ತು, ಆದರೆ ಬೋನು ಸರಿಯಿರಲಿಲ್ಲ.’ ನನ್ನ ಹೆಂಡತಿ ಬಿದ್ದು ಬಿದ್ದು ನಕ್ಕಳು.

ಹುಡುಗನದು ಏನಾಗಿತ್ತು ಅಂತ ಸ್ವಲ್ಪ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ನನಗೆ ಎಂಥ ಪದ ಬೇಕು ಅನ್ನುವುದು ನಿಮಗೆ ಗೊತ್ತಾಗುವುದಿಲ್ಲ.

ಬಾಯ್ಸಿಯಿಂದ ದಕ್ಷಿಣಕ್ಕೆ ಓವೈಹಿ ಸೀಮೆ. ಕುರುಚಲು ಸೇಜ್ ಗಿಡಗಳ ಬಯಲು, ನಡುನಡುವೆ ಕರಿಬಂಡೆಗಳ ಅಂಚು. ಬಂಡೆ ಬುಡದಲ್ಲಿ ಅವನು ಒಂದು ಸಣ್ಣ ಬಿಲ ತೋಡಿದ್ದ. ಬಿಲದೊಳಗೆ ಮೂಗು ಮುಚ್ಚಿಕೊಳ್ಳುವಂಥ ವಾಸನೆಯ ಲೂರ್, ಅಂದರೆ ಪ್ರಾಣಿಯನ್ನು ವಾಸನೆಯಿಂದಲೇ ಸೆಳೆಯುವ ಮದ್ದು. ಮುಂದೆ ಟ್ರ್ಯಾಪ್, ಬಿಲಕ್ಕೆ ನೇರವಾಗಿ ಇಡದೆ ಎರಡು ಇಂಚು ಪಕ್ಕಕ್ಕೆ. ತೆಳ್ಳಗೆ ಹಿಮ ಬಿದ್ದಿತ್ತು. ಅದರ ಮೇಲೆ ದುಂಡನೆಯ ಹೆಜ್ಜೆಗಳು, ಉಗುರಿನ ಗುರುತೇ ಇಲ್ಲ. ಬೆಕ್ಕು ನಡೆಯುವಾಗ ಉಗುರನ್ನು ಒಳಗೆ ಎಳೆದುಕೊಂಡಿರುತ್ತದೆ, ಅಲ್ವಾ? ಅಂದರೆ ಬಾಬ್‌ಕ್ಯಾಟ್ ಬಂದಿತ್ತು. ಎರಡು ಮೂರು ಅಡಿ ಆಚೆ, ತಲೆಯನ್ನೂ ತಿರುಗಿಸದೆ ಸೀದಾ ಹೋಗಿತ್ತು.

ಯಜಮಾನರು ಕೂತು ನೋಡಿದರು. ‘ನೀನು ಕಾಯೋಟಿಗೆ ಸೆಟ್ ಮಾಡಿದ್ದೀಯ’ ಅಂದರು. ಕಾಯೋಟಿ ನಾಯಿ ಜಾತಿ, ಮೂಗು ಎಳೆದ ಕಡೆ ಹೋಗುತ್ತದೆ. ಬೆಕ್ಕು ಕಣ್ಣು ಕಿವಿ ನಂಬಿ ಬೇಟೆಯಾಡುವ ಪ್ರಾಣಿ. ಮೊದಲು ಅದರ ಕಣ್ಣಿಗೆ ಏನಾದರೂ ಬೀಳಬೇಕು. ಹಕ್ಕಿಯ ಗರಿ ಕಟ್ಟಿದರೆ ಚೆನ್ನ, ಆದರೆ ಕಾಣುವ ಹಾಗೆ ಬೈಟ್ (ಪ್ರಾಣಿಯನ್ನು ಸೆಳೆಯಲು ಇಡುವ ಮಾಂಸದಂಥ ತಿನಿಸು) ಇದ್ದರೆ ಅದರಿಂದ 30 ಅಡಿಯೊಳಗೆ ಟ್ರ್ಯಾಪ್ ಇರಬಾರದು ಅಂತ ಇಲ್ಲಿ ಕಾನೂನು. ಮಾಂಸ ಕಂಡು ಹದ್ದು ಗಿಡುಗ ಇಳಿದು ಸಿಕ್ಕಿಕೊಳ್ಳುತ್ತವಲ್ಲ, ಅದಕ್ಕೆ. ಗರಿಯೂ ಬೈಟಿನ ಲೆಕ್ಕಕ್ಕೆ ಬಂದರೆ ಸುಮ್ನೆ ಯಾಕೆ ತಂಟೆ ಅಂತ ಅವರು ಜೇಬಿನಿಂದ ಒಂದು ಹಳೆಯ ಸಿಡಿ ತೆಗೆದರು! ದಾರ ಪೋಣಿಸಿ ಗಿಡದ ಕೊಂಬೆಗೆ ನೇತುಹಾಕಿದರು. ಗಾಳಿಗೆ ತಿರುಗಿ ತಿರುಗಿ ಮಿಂಚುತ್ತಿತ್ತು.

ಆಮೇಲೆ ಟ್ರ್ಯಾಪ್ ಕಿತ್ತು, ಬಿಲಕ್ಕೆ ನೇರವಾಗಿ, ಒಂದು ಗೇಣಿನಷ್ಟು ಹಿಂದೆ ಕೂರಿಸಿದರು. ಅಂಚುಗಳನ್ನು ಒಂದೊಂದಾಗಿ ಬೆರಳಿನಿಂದ ಒತ್ತಿ ನೋಡಿದರು. ಒಂದು ಕಡೆ ಚೂರು ಅಲುಗಿತು. ಮತ್ತೆ ತೆಗೆದು, ಅಡಿಗೆ ಮಣ್ಣು ತುಂಬಿ, ಮುಷ್ಟಿಯಿಂದ ಗುದ್ದಿ ಗಟ್ಟಿ ಮಾಡಿದರು. ಮೇಲೆ ಒಣ ಮಣ್ಣು ಜರಡಿ ಹಿಡಿದರು, ದೋಸೆಯಷ್ಟು ದಪ್ಪ, ಅಷ್ಟೇ. ಎರಡೂ ಪಕ್ಕ ಮೊನಚು ಕಲ್ಲು ಚೆಲ್ಲಿದರು. ಮುಂದೆ ಅಡ್ಡಲಾಗಿ ಒಂದು ಕಡ್ಡಿ. ಕೊನೆಗೆ ಅಂಗೈಯಗಲ ಜಾಗ ಮಾತ್ರ ನುಣ್ಣಗೆ ಉಳಿಯಿತು. ಬೆಕ್ಕು ಚುಚ್ಚುವ ಕಡೆ ಕಾಲಿಡುವುದಿಲ್ಲ. ನಮ್ಮ ಮನೆ ಬೆಕ್ಕು ಒದ್ದೆ ನೆಲದಲ್ಲಿ ಒಣಗಿದ ಜಾಗ ಹುಡುಕಿ ಹುಡುಕಿ ಹೆಜ್ಜೆ ಇಡುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಕಬ್ಬಿಣ ಅದೇ, ಜಾಗವೂ ಅದೇ. ಬದಲಾದದ್ದು ಸೆಟ್. ಇದಕ್ಕೆ ಕನ್ನಡದಲ್ಲಿ ಏನನ್ನೋಣ?

‘ಸೆಟ್’ ಅಂತಲೇ ಬಿಡಿ ಅಂತ ಯಾರಾದರೂ ಹೇಳುತ್ತೀರಿ, ಗೊತ್ತು. ಸೆಟ್ ದೋಸೆ ಇದೆ, ಸಿನಿಮಾ ಸೆಟ್ ಇದೆ, ಹುಡುಗ ಹುಡುಗಿ ‘ಸೆಟ್ ಆದರು’ ಅಂತಲೂ ಇದೆ. ಅದೇ ಕಷ್ಟ. ‘ಬೆಕ್ಕಿಗೆ ಸೆಟ್ ಮಾಡಿದ’ ಅಂದರೆ ಓದುವವರು ಮದುವೆ ಮಾಡಿಸಿದ ಅಂದುಕೊಂಡಾರು.

ನನಗೆ ಹೊಳೆದದ್ದು ‘ಒಡ್ಡು’. ನಮ್ಮ ಕಡೆ, ತೀರ್ಥಹಳ್ಳಿ ಸುತ್ತ, ಮಳೆಗಾಲದಲ್ಲಿ ಗದ್ದೆಯ ನೀರಿಗೆ ಕೂಣಿ (ಮೀನು ಹಿಡಿಯುವ ಬುಟ್ಟಿ) ಒಡ್ಡುತ್ತಿದ್ದರು. ಬಲೆ ಒಡ್ಡುವುದು, ಉರುಳು ಒಡ್ಡುವುದು ಎಲ್ಲ ಕಡೆಯೂ ಇದೆ. ಗಮನಿಸಿ, ಬಲೆ ‘ಬೀಸುವುದು’ ಬೇರೆ ಕೆಲಸ. ಬೀಸಿದವನು ಆಗಲೇ ಎಳೆಯುತ್ತಾನೆ. ಒಡ್ಡಿದವನು ಮನೆಗೆ ಹೋಗಿ ಮಲಗಿ, ಬೆಳಿಗ್ಗೆ ಬಂದು ನೋಡುತ್ತಾನೆ. ಪೊಲೀಸರು ಕಳ್ಳನಿಗೆ ‘ಬಲೆ ಬೀಸಿದರು’ ಅಂತ ಪೇಪರಿನವರು ಬರೆಯುವುದು ಸರಿಯಾಗಿಯೇ ಇದೆ, ಅವರು ಹುಡುಕಿಕೊಂಡು ಹೋಗಿದ್ದಾರೆ. ನನ್ನ ಬೆಕ್ಕಿನ ಕೆಲಸ ಬೀಸುವುದಲ್ಲ.

ಒಡ್ಡು ಅಂದರೆ ಎದುರಿಗೆ ಇಡು, ಎದುರಿಗೆ ಚಾಚು. ಕೈ ಒಡ್ಡು, ಮಳೆಗೆ ಮೈ ಒಡ್ಡು, ಗುಂಡಿಗೆ ಎದೆ ಒಡ್ಡು. ಎಲ್ಲದರಲ್ಲೂ ಒಂದು ದಿಕ್ಕು ಇದೆ, ಎದುರಿನಿಂದ ಏನೋ ಬರುತ್ತದೆ. ಯಜಮಾನರು ಹೇಳಿಕೊಟ್ಟದ್ದೂ ಅದನ್ನೇ: ಬೆಕ್ಕು ಯಾವ ಕಡೆಯಿಂದ ಬರುತ್ತದೆ, ಅದಕ್ಕೆ ಎದುರಾಗಿ ಇಡು. ‘ಬೋನು ಇಡು’ ಅನ್ನುವುದರಲ್ಲಿ ಈ ದಿಕ್ಕು ಕಾಣುವುದಿಲ್ಲ. ಲೋಟ ಇಡು, ಚೊಂಬು ಇಡು ಅಂದ ಹಾಗೆ.

ಇನ್ನೊಂದು ತಮಾಷೆ. ಚುನಾವಣೆ ಬಂದರೆ ಸಾಕು, ‘ಮತದಾರರಿಗೆ ಆಮಿಷ ಒಡ್ಡಿದರು’ ಅಂತ ದಿನಾ ಓದುತ್ತೇವೆ. ಆಮಿಷ ಅಂದರೆ ಮಾಂಸ. ನಿರಾಮಿಷ ಊಟ ಅನ್ನುವುದು ಅದರಿಂದಲೇ ಬಂದದ್ದು. ಅಂದರೆ ಪ್ರಾಣಿ ಹಿಡಿಯುವವನ ಮಾತು ಪೂರ್ತಿಯಾಗಿ, ನಾಮಪದ ಕ್ರಿಯಾಪದ ಎರಡೂ, ರಾಜಕೀಯದ ಸುದ್ದಿಯಲ್ಲಿ ಹಾಗೇ ಉಳಿದುಕೊಂಡಿದೆ. ಕಾಡಿನಲ್ಲಿ ಮಾತ್ರ ಕಳೆದುಹೋಗಿದೆ. ಕಳೆದುಹೋಗಲು ಕಾರಣವೂ ಇದೆ. 1972ರ ವನ್ಯಜೀವಿ ಕಾಯ್ದೆಯಲ್ಲಿ ‘ಬೇಟೆ’ಯ ಅರ್ಥದೊಳಗೆ ಉರುಳು ಹಾಕುವುದು, ಬೋನಿಗೆ ಕೆಡವುವುದು, ಬೈಟ್ ಇಡುವುದು ಎಲ್ಲವೂ ಸೇರಿವೆ. ಆ ಕಸುಬು ನಿಂತದ್ದು ಒಳ್ಳೆಯದೇ ಆಯಿತು. ಪದಗಳನ್ನಾದರೂ ಯಾರಾದರೂ ಬರೆದಿಟ್ಟುಕೊಂಡಿದ್ದಾರಾ ಅನ್ನುವುದು ನನ್ನ ಚಿಂತೆ.

ಒಡ್ಡುವಿನಲ್ಲಿ ಒಂದು ಕೊರತೆ. ನಾಮಪದವಾಗಿ ಬಳಸಿದರೆ ಅದು ಬದು, ಕಟ್ಟೆ ಆಗಿಬಿಡುತ್ತದೆ. ‘ಹುಡುಗ ಹನ್ನೆರಡು ಒಡ್ಡು ಹಾಕಿದ’ ಅಂದರೆ ರೈತರು ಹೊಲಕ್ಕೆ ಬದು ಹಾಕಿದ ಅಂದುಕೊಳ್ಳುತ್ತಾರೆ. ‘ಒಡ್ಡಿಕೆ’ ಅನ್ನಬಹುದಾ? ಕಿವಿಗೆ ಅಷ್ಟು ಹಿತವಾಗಿಲ್ಲ, ಆದರೂ ತಡೆದುಕೊಳ್ಳಬಹುದು. ‘ಹೂಡಿಕೆ’ ಇನ್ನೂ ಚೆನ್ನಾಗಿತ್ತು. ಬಾಣ ಹೂಡು, ಸಂಚು ಹೂಡು, ಆಟ ಹೂಡು, ಎಲ್ಲದರಲ್ಲೂ ಜೋಡಿಸಿ ಅಣಿ ಮಾಡುವ ಅರ್ಥ ಇದೆ. ಆದರೆ ಬ್ಯಾಂಕಿನವರು ಅದನ್ನು ಎತ್ತಿಕೊಂಡು ಹೋಗಿದ್ದಾರೆ. ‘ಹೂಟ’ ಅಂದರೆ? ಸದ್ಯಕ್ಕೆ ನನ್ನ ಒಲವು ಒಡ್ಡಿಕೆಯ ಕಡೆಗೇ.

ಇನ್ನು ಉಳಿದ ಪದಗಳು. ‘ಬೋನು’ ಅಂದ ಕೂಡಲೇ ನಮ್ಮ ಕಣ್ಣಿಗೆ ಬರುವುದು ಅರಣ್ಯ ಇಲಾಖೆಯವರು ಚಿರತೆಗೆ ಇಡುವ ಕಂಬಿಯ ಗೂಡು, ಒಳಗೆ ನಾಯಿಯೋ ಮೇಕೆಯೋ. ಕೊಲೊರಾಡೊದಲ್ಲಿ 1996ರ ಜನಮತದಲ್ಲಿ ಕಾಲು ಹಿಡಿಯುವ ಟ್ರ್ಯಾಪ್ ನಿಷೇಧವಾಯಿತು. ಅಲ್ಲಿಯವರು ಬಾಬ್‌ಕ್ಯಾಟಿಗೆ ಇಡುವುದು ಇಂಥದ್ದೇ ಗೂಡು, ಅಲ್ಲಿಗೆ ‘ಬೋನು’ ಸರಿಹೊಂದುತ್ತದೆ. ಇಡಾಹೊದಲ್ಲಿ ಬಳಸುವುದು ಎರಡು ದವಡೆಯ ಕಬ್ಬಿಣ. ಕಾಲಿಟ್ಟರೆ ಪಟ್ ಅಂತ ಮುಚ್ಚುತ್ತದೆ. ನಮ್ಮಜ್ಜಿ ಅಟ್ಟದಲ್ಲಿ ಕೊಬ್ಬರಿ ಚೂರು ಸಿಕ್ಕಿಸಿ ಇಡುತ್ತಿದ್ದುದಕ್ಕೆ ‘ಇಲಿ ಕತ್ತರಿ’ ಅನ್ನುತ್ತಿದ್ದರು. ಅದೇ ಜಾಡಿನಲ್ಲಿ ನಾನು ‘ಕಾಲುಗತ್ತರಿ’ ಅಂತ ಬರೆದಿದ್ದೇನೆ. ಒಪ್ಪುತ್ತೀರಾ? ತಂತಿಯ ಕುಣಿಕೆಗೆ ‘ಉರುಳು’ ಇದ್ದೇ ಇದೆ, ಅದರಲ್ಲಿ ಜಗಳವಿಲ್ಲ.

ಈ ಕತ್ತರಿಯಲ್ಲಿ ದವಡೆಯನ್ನು ಒತ್ತಿಹಿಡಿದು, ಪ್ರಾಣಿ ಕಾಲಿಡುವ ತಟ್ಟೆಗೆ ಸಿಕ್ಕಿಕೊಂಡಿರುವ ಸಣ್ಣ ಕೊಕ್ಕೆಗೆ ಇವರು ‘ಡಾಗ್’ ಅನ್ನುತ್ತಾರೆ! ಯಾಕೆ ನಾಯಿ ಅಂತ ಕೇಳಿದೆ, ಯಜಮಾನರು ಭುಜ ಹಾರಿಸಿದರು. ನಮ್ಮ ಕೋವಿಯಲ್ಲಿ ‘ಕುದುರೆ’ ಇಲ್ಲವೇ? ನಾನು ಇಲ್ಲಿಯೂ ಕುದುರೆ ಅಂತಲೇ ಹಾಕಿಬಿಟ್ಟೆ.

ಬೈಟ್ ಮತ್ತು ಲೂರ್ ಬೇರೆ ಬೇರೆ. ಬೈಟ್ ತಿನ್ನುವಂಥದ್ದು, ಲೂರ್ ಬರೀ ವಾಸನೆ. ಆಮಿಷವನ್ನು ರಾಜಕಾರಣಿಗಳಿಗೇ ಬಿಟ್ಟುಕೊಟ್ಟು, ಬೈಟಿಗೆ ‘ಎರೆ’ ಅನ್ನೋಣವೇ? ಹಕ್ಕಿ, ಹಾವಿನ ತಿನಿಸಿಗೂ ಗಾಳಕ್ಕೆ ಸಿಕ್ಕಿಸುವುದಕ್ಕೂ ಹಳೆಯ ಪದ ಅದು, ಎರೆಹುಳುವಿನಲ್ಲಿ ಉಳಿದಿದೆ. ತಮಿಳಿನವರು ಇವತ್ತಿಗೂ ‘ಇರೈ’ ಅನ್ನುತ್ತಾರೆ. ಲೂರಿಗೆ ನನ್ನ ಹತ್ತಿರ ಪದವಿಲ್ಲ. ‘ಗಮಲು’ ಅಂತ ಬರೆದು ಹೊಡೆದುಹಾಕಿದೆ. ಆ ಶೀಶೆ ತೆರೆದಾಗ ಹೊಮ್ಮಿದ್ದು ಗಮಲಂತೂ ಅಲ್ಲ.

ಬಾಬ್‌ಕ್ಯಾಟಿಗೆ ‘ಕಾಡುಬೆಕ್ಕು’ ಅಂದರೆ ನಮ್ಮ ಊರಿನ ಕಾಡುಬೆಕ್ಕು ನೆನಪಾಗುತ್ತದೆ. ಇದು ಲಿಂಕ್ಸ್ ಕುಲದ್ದು, ದೊಡ್ಡ ಗಂಡು 10 ಕೆಜಿ ದಾಟುತ್ತದೆ, ಬಾಲ ಗೇಣುದ್ದವೂ ಇಲ್ಲ. ‘ಬಾಬ್’ ಅಂದರೆ ಕತ್ತರಿಸಿ ಗಿಡ್ಡ ಮಾಡಿದ್ದು. ನಮ್ಮಲ್ಲಿ ಮೋಟು ಬೀಡಿ, ಮೋಟು ಗೋಡೆ, ಮೋಟು ಜಡೆ ಇಲ್ಲವೇ? ‘ಮೋಟುಬೆಕ್ಕು’ ಅಂದರೆ ಮಕ್ಕಳಿಗೂ ಅರ್ಥವಾಗುತ್ತದೆ. ಒಂದು ಸಲ ಮೋಟುಬೆಕ್ಕು ಅಂತ ಹೇಳಿ, ಆಮೇಲೆ ಬಾಬ್‌ಕ್ಯಾಟ್ ಅಂತಲೇ ಮುಂದುವರಿಸುವುದು ನನ್ನ ಲೆಕ್ಕ.

ಕೊನೆಯದಾಗಿ ಒಂದು ಕ್ರಿಯಾಪದ. ಚಿರತೆ ಬೋನಿಗೆ ‘ಬೀಳುತ್ತದೆ’, ಉರುಳಿಗೆ ‘ಸಿಲುಕುತ್ತದೆ’, ಮೀನು ಗಾಳವನ್ನು ‘ಕಚ್ಚುತ್ತದೆ’. ಕಾಲುಗತ್ತರಿಯಲ್ಲಿ ಕಚ್ಚುವುದು ಕತ್ತರಿಯೇ. ಮೊನ್ನೆ ಬುಧವಾರ ಹುಡುಗ ಬೇಲಿಯಾಚೆಯಿಂದ ಕೂಗಿ, ಸಿಡಿ ಕಟ್ಟಿದ ಜಾಗದಲ್ಲಿ ಬೆಕ್ಕು ಇತ್ತು ಅಂದ. ನಾನು ನೋಡಲು ಹೋಗಲಿಲ್ಲ, ಮನಸ್ಸಾಗಲಿಲ್ಲ. ಆದರೆ ಆ ಸಾಲನ್ನು ಬರೆಯಬೇಕಲ್ಲ? ‘ಕತ್ತರಿಗೆ ಸಿಕ್ಕಿತು’ ಅನ್ನಲೋ, ‘ಕತ್ತರಿ ಹಿಡಿಯಿತು’ ಅನ್ನಲೋ? ಉತ್ತರ ಕನ್ನಡ, ಕೊಡಗು, ಬಯಲುಸೀಮೆಯ ಕಡೆಯವರು ನಿಮ್ಮ ಮನೆಯ ಹಿರಿಯರನ್ನು ಒಂದು ಮಾತು ಕೇಳಿ ತಿಳಿಸಿ. ಬರಹ ಕಳಿಸಲು ನನಗಿನ್ನು ಹತ್ತು ದಿನ ಇದೆ.