ನೀಲಿ ಬೆಳಕಿನ ಲಾಭದಲ್ಲಿ ಸಂಶೋಧಕನ ಪಾಲೆಷ್ಟು? ನಕಮುರ–ನಿಚಿಯಾ ಮೊಕದ್ದಮೆಯ ಚರ್ಚೆ

ಬೆಳಕಿಂಡಿ:
ನೀಲಿ ಎಲ್‌ಇಡಿ ಕಂಡುಹಿಡಿದ ಶುಜಿ ನಕಮುರ ಅವರಿಗೆ '404 ಪೇಟೆಂಟ್' ಎಂದೇ ಹೆಸರಾದ, ಹರಳು ಬೆಳೆಸುವ ವಿಧಾನದ ಆವಿಷ್ಕಾರಕ್ಕಾಗಿ ಅವರು ದುಡಿಯುತ್ತಿದ್ದ ಜಪಾನಿನ ನಿಚಿಯಾ ಕಂಪನಿ ಕೊಟ್ಟದ್ದು ಒಟ್ಟು 20,000 ಯೆನ್. ಅರ್ಜಿ ಹಾಕಿದಾಗ ಅರ್ಧ, ಮಂಜೂರಾದಾಗ ಇನ್ನರ್ಧ. ಈ ಪೇಟೆಂಟಿನ ಏಕಸ್ವಾಮ್ಯದಿಂದ ಕಂಪನಿಗೆ ದಕ್ಕುವ ಲಾಭವನ್ನು ಸುಮಾರು 12,080 ಕೋಟಿ ಯೆನ್ ಎಂದು ಅಂದಾಜಿಸಿದ ಟೋಕಿಯೊ ಜಿಲ್ಲಾ ನ್ಯಾಯಾಲಯವು, 2004ರ ಜನವರಿ 30ರಂದು, ಅದರ ಅರ್ಧಭಾಗ ನಕಮುರ ಅವರದೆಂದು ತೀರ್ಪಿತ್ತಿತು. ಅವರು ಕೇಳಿದ್ದು 2,000 ಕೋಟಿ ಮಾತ್ರವಾದ್ದರಿಂದ ಅಷ್ಟನ್ನೇ ಕೊಡಿಸಿತು. ಮರುವರ್ಷ ಜನವರಿಯಲ್ಲಿ ಟೋಕಿಯೊ ಹೈಕೋರ್ಟಿನಲ್ಲಿ ಆದ ರಾಜಿಯಲ್ಲಿ, ಅವರ ಎಲ್ಲ ಪೇಟೆಂಟುಗಳನ್ನೂ ಸೇರಿಸಿ, ಬಡ್ಡಿಸಹಿತ ಸುಮಾರು 84 ಕೋಟಿ ಯೆನ್ನಿಗೆ ಮಾತು ಮುಗಿಸಲಾಯಿತು. ಇದು ಹಗಲುದರೋಡೆ ಎಂದೇ ನನ್ನ ಅಭಿಪ್ರಾಯ.

ಹಳೇಮೈಸೂರು:
'ದರೋಡೆ' ಎಂಬ ಪದ ಬಳಸುವ ಮುನ್ನ ಬಂಡವಾಳ ಹೂಡಿದವರು ಯಾರೆಂದು ಕೇಳಬೇಕು. ನಕಮುರರನ್ನು ಒಂದು ವರ್ಷ ಕಲಿಯಲೆಂದು ಅಮೆರಿಕದ ಫ್ಲಾರಿಡಾಕ್ಕೆ ಕಳುಹಿಸಿದ್ದು, ಕೋಟಿಗಟ್ಟಲೆ ಯೆನ್ನಿನ ಯಂತ್ರ ಕೊಡಿಸಿದ್ದು, ಫಲ ಕಾಣದ ವರ್ಷಗಳಲ್ಲೂ ತಿಂಗಳು ತಪ್ಪದೆ ಸಂಬಳ ಕೊಟ್ಟಿದ್ದು ಕಂಪನಿ. ಪ್ರಯೋಗ ಸೋತಿದ್ದರೆ ನಷ್ಟದಲ್ಲಿ ಅವರು ಪಾಲು ಕೊಡುತ್ತಿದ್ದರೇ?

ನೇತ್ರಾವತಿ:
ಮೂಲ ಬರಹದಲ್ಲಿರುವ 'ಕಂಡುಹಿಡಿದ' ಎಂಬ ಮಾತೇ ತಪ್ಪು. ನೀಲಿ ಎಲ್‌ಇಡಿಯ ಮೂಲವಸ್ತುವಾದ ಗ್ಯಾಲಿಯಂ ನೈಟ್ರೈಡಿನ ಒಳ್ಳೆಯ ಹರಳನ್ನು 1986ರಲ್ಲಿ ಬೆಳೆಸಿ ತೋರಿಸಿದವರು ನಗೋಯಾ ವಿಶ್ವವಿದ್ಯಾಲಯದ ಅಕಸಾಕಿ ಮತ್ತು ಅಮಾನೊ. ಎಲ್‌ಇಡಿ ಬೆಳಗಲು ಬೇಕಾದ ಎರಡು ಬಗೆಯ ಪದರಗಳಲ್ಲೊಂದಾದ, ಧನ ವಿದ್ಯುದಂಶ ಸಾಗಿಸುವ ಪಿ-ಮಾದರಿಯ ಪದರವನ್ನು 1989ರಲ್ಲಿ ಮೊದಲು ಸಾಧಿಸಿದವರೂ ಅವರೇ.

ಮಲೆನಾಡಿಗ:
ನಗೋಯಾದ ಹೆಸರು ಹೇಳಿ ನಕಮುರರನ್ನು ಬದಿಗೆ ಸರಿಸಲಾಗದು. ಅವರು ಬೆಳಿಗ್ಗೆ ಯಂತ್ರದ ಕೊಳವೆಗಳನ್ನು ತಾವೇ ಬೆಸೆದು ಮಾರ್ಪಡಿಸಿ, ಮಧ್ಯಾಹ್ನ ಅದೇ ಯಂತ್ರದಲ್ಲಿ ಹರಳು ಬೆಳೆಸಿ ನೋಡುತ್ತಿದ್ದರು. ಹರಳು ಬೆಳೆಯುವ ಬಿಲ್ಲೆಗೆ ಸಮಾನಾಂತರವಾಗಿ ಒಂದು ಅನಿಲಧಾರೆ, ಅದನ್ನು ಮೇಲಿನಿಂದ ಒತ್ತಿ ಹಿಡಿಯಲು ಇನ್ನೊಂದು: 404 ಪೇಟೆಂಟಿನ ತಿರುಳು ಇಷ್ಟೇ. ಬಿಸಿಯೇರಿದ ಬಿಲ್ಲೆಯಿಂದ ಅನಿಲ ಮೇಲಕ್ಕೆ ಚದುರದಂತೆ ತಡೆದದ್ದು ಆ ಎರಡನೆಯ ಧಾರೆ.

ನೇತ್ರಾವತಿ:
'ತಿರುಳು' ಎನ್ನುತ್ತೀರಿ. ಆ ತಿರುಳನ್ನು ಕಂಪನಿಯೇ 2006ರಲ್ಲಿ ಬೇಡವೆಂದು ಕೈಬಿಟ್ಟಿತು. ಅಷ್ಟೊಂದು ಬೆಲೆಬಾಳುವ ಹಕ್ಕನ್ನು ಯಾರಾದರೂ ಬೀದಿಗೆಸೆಯುತ್ತಾರೆಯೇ?

ಬೆಳಕಿಂಡಿ:
ಮೊಕದ್ದಮೆ ಮುಗಿದ ಮೇಲೆ ಕೈಬಿಟ್ಟದ್ದನ್ನು ಸಾಕ್ಷ್ಯವೆಂದು ಮಂಡಿಸುತ್ತಿದ್ದೀರಿ! ಅದೇ ಹಕ್ಕು ತನ್ನದೆಂದು 2002ರವರೆಗೆ ನ್ಯಾಯಾಲಯದಲ್ಲಿ ಹೋರಾಡಿ, ಮಧ್ಯಂತರ ತೀರ್ಪಿನಲ್ಲಿ ಗೆದ್ದದ್ದು ಕೂಡ ಅದೇ ಕಂಪನಿ. ಬೆಲೆಯಿಲ್ಲದ ವಸ್ತುವಿಗೆ ಯಾರೂ ವಕೀಲರನ್ನು ಇಡುವುದಿಲ್ಲ.

ನೇತ್ರಾವತಿ:
ನಾನು ಕೇಳಿದ್ದು ಕಂಡುಹಿಡಿದವರು ಯಾರೆಂದು. 2014ರ ನೊಬೆಲ್ ಮೂವರಿಗೆ ಸಂದಿದೆ. ಅದರಲ್ಲಿ ಅಕಸಾಕಿಯವರ ಹೆಸರೇ ಮೊದಲು.

ಮಲೆನಾಡಿಗ:
ಹೆಸರಿನ ಅನುಕ್ರಮ ಹಿಡಿದು ವಾದಿಸುವುದು ನಿಮ್ಮಂಥ ಓದಿದವರಿಗೆ ಶೋಭಿಸುವುದಿಲ್ಲ. ಪ್ರಶಸ್ತಿ ಸಂದದ್ದು ದಕ್ಷವಾದ ನೀಲಿ ಎಲ್‌ಇಡಿಗೆ. ಪಿ-ಮಾದರಿಯ ಪದರದಲ್ಲಿ ಸಿಕ್ಕಿಕೊಂಡ ಹೈಡ್ರೋಜನ್ನೇ ಅಡ್ಡಿಯೆಂದು ತೋರಿಸಿ, ಬರಿಯ ಕಾವಿನಿಂದಲೇ ಅದನ್ನು ಹೊರಗಟ್ಟಬಹುದೆಂದು 1992ರಲ್ಲಿ ಸಾಧಿಸಿದವರು ನಕಮುರ. ಮರುವರ್ಷವೇ ಪ್ರಖರವಾದ ನೀಲಿ ದೀಪ ಮಾರುಕಟ್ಟೆಗೆ ಬಂದದ್ದು ನಿಚಿಯಾದಿಂದ, ನಗೋಯಾದಿಂದಲ್ಲ.

ಹಳೇಮೈಸೂರು:
'ನಿಚಿಯಾದಿಂದ' ಎಂದು ನೀವೇ ಬರೆದಿರಿ. ನನ್ನ ವಾದವೂ ಅದೇ.

ಕಕ್ಷಿದಾರ:
ವಿಷಯ ದಾರಿ ತಪ್ಪುತ್ತಿದೆ. ಜಪಾನಿನ ಪೇಟೆಂಟ್ ಕಾಯ್ದೆಯ 35ನೆಯ ಕಲಮು ಉದ್ಯೋಗಿಗೆ 'ಯೋಗ್ಯ ಪ್ರತಿಫಲ' ಕೊಡಬೇಕೆನ್ನುತ್ತಿತ್ತು. ಕಂಪನಿಯ ನಿಯಮಾವಳಿಯಂತೆ ಕೊಟ್ಟ ಹಣ ಕಡಿಮೆಯಾದರೆ ಉಳಿದುದನ್ನು ಕೇಳಿ ಪಡೆಯಬಹುದೆಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯವು 2003ರಲ್ಲಿ ಒಲಿಂಪಸ್ ಪ್ರಕರಣದಲ್ಲಿ ಹೇಳಿತು. ಆದ್ದರಿಂದ ಪ್ರಶ್ನೆ ಪಾಲು ಇದೆಯೇ ಎಂಬುದಲ್ಲ, ಎಷ್ಟು ಎಂಬುದು. ಜಿಲ್ಲಾ ನ್ಯಾಯಾಲಯ ಶೇ. 50 ಎಂದಿತು, ಹೈಕೋರ್ಟು ರಾಜಿಯ ಸಲಹೆಯಲ್ಲಿ ಶೇ. 5 ಎಂದಿತು. ಬ್ರಿಟನ್ನಿನಲ್ಲಿ ಸಂಶೋಧಕ ಶ್ಯಾಂಕ್ಸ್ ಅವರು ತಾವು ದುಡಿದಿದ್ದ ಯೂನಿಲಿವರ್ ವಿರುದ್ಧ ಹದಿಮೂರು ವರ್ಷ ಹೋರಾಡಿ 2019ರಲ್ಲಿ ಗೆದ್ದಾಗಲೂ ಅವರಿಗೆ ನಿಗದಿಯಾದದ್ದು ಶೇ. 5ರ ಪಾಲೇ.

ಹಳೇಮೈಸೂರು:
ಎರಡು ದೇಶಗಳಲ್ಲೂ ಶೇ. 5. ಇನ್ನು ವಾದವೇಕೆ?

ಬೆಳಕಿಂಡಿ:
ಶ್ಯಾಂಕ್ಸ್ ಅವರನ್ನು ದೊಡ್ಡ ಸಂಸ್ಥೆಯೊಂದು ತನ್ನ ಪ್ರಯೋಗಾಲಯದಲ್ಲಿ ಸಂಶೋಧನೆಗೆಂದೇ ನೇಮಿಸಿಕೊಂಡಿತ್ತು. ಸಣ್ಣ ಕಂಪನಿಯೊಂದರ ಬಡ ಸೌಕರ್ಯದಲ್ಲಿ, ಸ್ವಂತ ಪ್ರತಿಭೆ ಮತ್ತು ಕಲ್ಪನೆಯಿಂದ ಆದ ಅಪರೂಪದ ಆವಿಷ್ಕಾರ ನಕಮುರರದು ಎಂದು ಟೋಕಿಯೊ ಜಿಲ್ಲಾ ನ್ಯಾಯಾಲಯವು ಸ್ಪಷ್ಟವಾಗಿ ಗುರುತಿಸಿತ್ತು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ.

ಮಲೆನಾಡಿಗ:
ನಾನು ಬೆಂಗಳೂರಿನ ಸಂಸ್ಥೆಯೊಂದರಲ್ಲಿ ಹನ್ನೊಂದು ವರ್ಷ ದುಡಿದವನು. ನನ್ನ ಹೆಸರಿನಲ್ಲಿ ಮೂರು ಪೇಟೆಂಟುಗಳಿವೆ, ಗೋಡೆಯ ಮೇಲೆ ಮೂರು ಮರದ ಫಲಕಗಳಿವೆ. ಅವುಗಳಲ್ಲೊಂದರ ಮೇಲೆ ನನ್ನ ಹೆಸರಿನ ಕಾಗುಣಿತವೇ ತಪ್ಪಾಗಿದೆ, ಎರಡು ಸಲ ಪತ್ರ ಬರೆದರೂ ತಿದ್ದಿಸಿ ಕೊಡಲಿಲ್ಲ. ಕೆಲಸಕ್ಕೆ ಸೇರಿದ ದಿನವೇ ಮುಂದೆ ಹುಟ್ಟುವ ಎಲ್ಲ ಆವಿಷ್ಕಾರಗಳನ್ನೂ ಬರೆದುಕೊಟ್ಟಿದ್ದೆ, ಏಕೆಂದರೆ ಸಹಿ ಹಾಕದಿದ್ದರೆ ಕೆಲಸವಿರಲಿಲ್ಲ.

ಹಳೇಮೈಸೂರು:
'ಬರೆದುಕೊಟ್ಟಿದ್ದೆ' ಎಂದಮೇಲೆ ಕರಾರು ಕರಾರೇ. ಓದಿ ಸಹಿ ಹಾಕಿದವರು ನೀವು.

ಮಲೆನಾಡಿಗ:
ಹೆಂಡತಿ ಬಸುರಿಯಾಗಿದ್ದಾಗ ಸಹಿ ಹಾಕಿದವನಿಗೆ ಈ ಮಾತು ಹೇಳಲು ನಿಮಗೆ ಮನಸ್ಸಾದರೂ ಹೇಗೆ ಬಂತು?

ಕಕ್ಷಿದಾರ:
ಇಬ್ಬರೂ ದಯವಿಟ್ಟು ಸಮಾಧಾನದಿಂದಿರಿ. ನಮ್ಮ 1970ರ ಪೇಟೆಂಟ್ ಕಾಯ್ದೆಯಲ್ಲಿ ಉದ್ಯೋಗಿಯ ಪ್ರತಿಫಲಕ್ಕೆಂದು ಒಂದು ಸೆಕ್ಷನ್ನೂ ಇಲ್ಲ, ಎಲ್ಲವೂ ಕರಾರಿನ ಮೇಲೆಯೇ ನಿಂತಿದೆ. ಆದ್ದರಿಂದಲೇ ಅಂಥ ಸಹಿಯ ಬೆಲೆ ಇಲ್ಲಿ ಇಷ್ಟು ದುಬಾರಿ. ಜಪಾನ್ ಕೂಡ 2015ರ ತಿದ್ದುಪಡಿಯಲ್ಲಿ ಕಂಪನಿಯತ್ತ ವಾಲಿತು: ಮುಂಚೆಯೇ ನಿಯಮ ಮಾಡಿಟ್ಟರೆ ಹಕ್ಕು ಹುಟ್ಟುವಾಗಲೇ ಕಂಪನಿಗೆ ಸೇರುತ್ತದೆ.

ಬೆಳಕಿಂಡಿ:
'ವಾಲಿತು' ಎಂದು ನಿಲ್ಲಿಸಿದರೆ ಅರ್ಧಸತ್ಯವಾಗುತ್ತದೆ. ಯೋಗ್ಯ ಲಾಭ ಪಡೆಯುವ ಉದ್ಯೋಗಿಯ ಹಕ್ಕನ್ನು ಆ ತಿದ್ದುಪಡಿಯೂ ಉಳಿಸಿಕೊಂಡಿದೆ. ನಮ್ಮಲ್ಲಿ ಅಷ್ಟೂ ಇಲ್ಲ.

ನೇತ್ರಾವತಿ:
ನನ್ನ ಪ್ರಶ್ನೆಗೆ ಇನ್ನೂ ಉತ್ತರ ಬಂದಿಲ್ಲ. ಅಕಸಾಕಿ ಮತ್ತು ಅಮಾನೊ ಅವರ ಹೆಸರನ್ನು ಮೂಲ ಬರಹದಲ್ಲಿ ಸೇರಿಸುತ್ತೀರೋ ಇಲ್ಲವೋ?

ಬೆಳಕಿಂಡಿ:
ಅವರು ನಿಚಿಯಾದ ಮೇಲೆ ಮೊಕದ್ದಮೆ ಹೂಡಿರಲಿಲ್ಲ. ಸೇರಿಸುವುದಿಲ್ಲ.