ಸಹಾಯ ಬೇಕು: ಗಾಲ್ಫ್ ಆಡುವ ಮಗಳಿಗೆ ಫಿಟ್‌ನೆಸ್ ಕೋಚ್ (ಪುಣೆ)

ಎಲ್ಲರಿಗೂ ನಮಸ್ಕಾರ. ನಾವು ಧಾರವಾಡದವರು, ಈಗ ಪುಣೆಯ ವಿಮಾನನಗರದಲ್ಲಿದ್ದೇವೆ. ಮಗಳು ಬಿ.ಕಾಂ. ಮೊದಲ ವರ್ಷ. ಯೆರವಡಾದಲ್ಲಿ ಗಾಲ್ಫ್ ಆಡುತ್ತಾಳೆ. 2021ರಲ್ಲಿ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ನಮ್ಮ ಬೆಂಗಳೂರಿನ ಅದಿತಿ ಅಶೋಕ್ ನಾಲ್ಕನೇ ಸ್ಥಾನಕ್ಕೆ ಬಂದರಲ್ವಾ, ಆವತ್ತಿನಿಂದ ಹಿಡಿದ ಹುಚ್ಚು.

ಗಾಲ್ಫ್‌ಗೆ ಯಾವ ವ್ಯಾಯಾಮ ಬೇಕು ಅಂತ ಜನ ಕೇಳುತ್ತಾರೆ. ಒಂದು ಪೂರ್ತಿ ಆಟ, ಅಂದರೆ 18 ಹೋಲ್ (ಚೆಂಡು ಬೀಳಿಸುವ ಕುಳಿ) ಮುಗಿಸಲು ನಾಲ್ಕೈದು ಗಂಟೆ ಬೇಕು. ಏಳೆಂಟು ಕಿಲೋಮೀಟರ್ ಸಲೀಸಾಗಿ ನಡಿಗೆ ಆಗುತ್ತದೆ. ಜೊತೆಗೆ ಕೋಲು ಬೀಸಿ ಚೆಂಡು ಹೊಡೆಯುವ ಪ್ರತಿ ಸ್ವಿಂಗ್‌ನಲ್ಲೂ ಮೈ ಒಂದೇ ಕಡೆಗೆ ಜೋರಾಗಿ ತಿರುಗುತ್ತದೆ. ತೊಡೆಸಂದು, ಬೆನ್ನಿನ ಮೇಲ್ಭಾಗ ಸರಿಯಾಗಿ ತಿರುಗದಿದ್ದರೆ ಭಾರವೆಲ್ಲ ಸೊಂಟಕ್ಕೇ ಬೀಳುತ್ತದೆ.

ಅವಳಿಗೆ ಆಗಿದ್ದೂ ಅದೇ. ಕಳೆದ ವರ್ಷ ಒಂದು ಜಿಮ್‌ಗೆ ಸೇರಿಸಿದೆ. ಬರೀ ಬೆಂಚ್ ಪ್ರೆಸ್, ಬೈಸೆಪ್ಸ್ ಅಂತ ಎದೆ, ತೋಳಿನ ವ್ಯಾಯಾಮ ಮಾಡಿಸಿದರು. ಮೂರು ತಿಂಗಳಲ್ಲಿ ಸೊಂಟ ನೋವು ಶುರುವಾಯಿತು. ಫಿಸಿಯೋ ಹತ್ತಿರ ಹೋಗಿ ಈಗ ನೋವು ಹೋಗಿದೆ. ನನ್ನ ಭಯ ಹೋಗಿಲ್ಲ.

ಹಾಗಾಗಿ ಡಿಗ್ರಿಯ ಮೂರು ವರ್ಷಕ್ಕೂ ಯೋಚಿಸಿ ತರಬೇತಿ ಕೊಡುವವರು ಬೇಕು. ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ಆಟ ಕಡಿಮೆ. ಆಗ ಸ್ಕ್ವಾಟ್, ಡೆಡ್‌ಲಿಫ್ಟ್‌ನಂಥ ಭಾರ ಎತ್ತುವ ವ್ಯಾಯಾಮ ನಿಧಾನವಾಗಿ ಏರಿಸಬಹುದು. ಟೂರ್ನಿ ವಾರ ಬಂದರೆ ಎತ್ತುವ ಭಾರ ಇಳಿಸಬೇಕು. ಪರೀಕ್ಷೆ ಸಮಯದಲ್ಲಿ ವಾರಕ್ಕೆ ಎರಡೇ ದಿನ ಸಾಕು, ಆದರೆ ಪೂರ್ತಿ ಬಿಡಬಾರದು. ಇಷ್ಟು ನನಗೂ ಅರ್ಥವಾಗಿದೆ. ಎಷ್ಟು ಭಾರ, ಯಾವಾಗ ಹೆಚ್ಚಿಸಬೇಕು ಅನ್ನೋದನ್ನು ಎದುರಿಗೆ ನಿಂತು ನೋಡಿ ಹೇಳುವವರು ಬೇಕು.

ನಿಮ್ಮ ಮಕ್ಕಳು ಗಾಲ್ಫ್, ಟೆನಿಸ್ ಅಥವಾ ಕ್ರಿಕೆಟ್ ಆಡುತ್ತಿದ್ದರೆ ಯಾರ ಹತ್ತಿರ ಕಳಿಸುತ್ತೀರಿ, ತಿಂಗಳಿಗೆ ಎಷ್ಟಾಗುತ್ತದೆ, ದಯವಿಟ್ಟು ತಿಳಿಸಿ. ಖರಾಡಿ, ಕಲ್ಯಾಣಿನಗರದ ಕಡೆ ಇದ್ದರೆ ಅನುಕೂಲ. ಮುಂದಿನ ಮಳೆಗಾಲದೊಳಗೆ ಶುರು ಮಾಡಿಸಬೇಕು.